ಸೊಸೆಯರನ್ನು ಆರಿಸುವ ಬಾವಿ

ಕೂತುಕೊಳ್ಳಿ ಮಕ್ಕಳೇ, ಗಲಾಟೆ ಬೇಡ. ಈ ಕಥೆ ಹೇಳಿ ಹೇಳಿ ನನಗೂ ಸಾಕಾಗಿದೆ. ಹೇಳದೆ ಸುಮ್ಮನಿರಬಹುದಾದ ಕಾಲ ಮಾತ್ರ ಇನ್ನೂ ಬಂದಿಲ್ಲ.

ಬಿಳಿಗಲ್ಲು ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ರಾಜನ ಊರಿನ ನಡುವೆ ಒಂದು ಮೆಟ್ಟಿಲು ಬಾವಿ. ಬಾವಿಯೊಳಗೆ ದೇವಿ ಇದ್ದಾಳೆ ಅಂತ ಜನ ನಂಬಿದ್ದರು. ಅವಳ ಹೆಸರು ಬಾವಿಯಮ್ಮ. ಅವಳ ಪೂಜಾರಿ ಜವರಯ್ಯ.

ಆ ಊರಿನ ಪದ್ಧತಿ ಕೇಳಿ. ಹೊರಗಿನಿಂದ ಸೊಸೆಯಾಗಿ ಬರುವ ಹುಡುಗಿ ಊರ ಬಾಗಿಲಲ್ಲಿ ಹಾಲು ಕಾಯಿಸಬೇಕು. ಆ ಬಿಸಿ ತಂಬಿಗೆಯನ್ನು ಬಲಗೈಯಲ್ಲಿ ಹಿಡಿದು ಬಾವಿಗೆ ಬರಬೇಕು. ಬಂದು ಅದೇ ಕೈಯನ್ನು ನೀರಿನಲ್ಲಿ ಅದ್ದಬೇಕು. ನೀರು ಬೆಚ್ಚಗಿದೆ ಅಂದರೆ ಬಾವಿಯಮ್ಮ ಒಲಿದಳು, ಮದುವೆ ನಡೆಯಿತು. ತಣ್ಣಗಿದೆ ಅಂದರೆ ಹುಡುಗಿ ಅಪಶಕುನ, ಬಂದ ದಾರಿಯಲ್ಲೇ ವಾಪಸ್ಸು. ಸುಳ್ಳು ಹೇಳಿದರೆ ಗಂಡನಾಗುವವನು ರಕ್ತ ಕಾರಿ ಸಾಯುತ್ತಾನೆ ಅಂತ ಹೆದರಿಕೆ ಬೇರೆ. ಒಮ್ಮೆ ವಾಪಸ್ಸಾದವಳನ್ನು ಆ ಸೀಮೆಯಲ್ಲಿ ಇನ್ಯಾರೂ ಮನೆಗೆ ತಂದುಕೊಳ್ಳುತ್ತಿರಲಿಲ್ಲ.

ಜವರಯ್ಯನ ಕೊಟ್ಟಿಗೆ ತುಂಬ ಕರುಗಳು. ಅವನ್ನು ಕೊಟ್ಟವರ ಮಗಳಿಗೆ ಬೇರೆಯೇ ಉಪಚಾರ. ಅವಳ ತಂಬಿಗೆಯನ್ನು ಅವನೇ ಇಸಿದುಕೊಳ್ಳುತ್ತಿದ್ದ. ಮಂಟಪದ ನೆರಳಲ್ಲಿ ಕೂರಿಸಿ, ಒದ್ದೆ ಮರಳಿನಲ್ಲಿ ಹೂತಿಟ್ಟ ತೀರ್ಥದ ಮಡಕೆಯಲ್ಲಿ ಕೈ ಇಡಿಸುತ್ತಿದ್ದ. ಆಮೇಲೆ ಬಾವಿ. ಆ ಹುಡುಗಿಗೆ ನೀರು ಯಾವಾಗಲೂ ಬೆಚ್ಚಗೇ. ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ.

ಪಕ್ಕದ ಹಳ್ಳಿಯಲ್ಲಿ ಮುದ್ದವ್ವ ಅಂತ ಒಬ್ಬ ವಿಧವೆ. ಅವಳಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳಾದ ಕಾಳಿಯನ್ನು ಮುದ್ದವ್ವ ಬಾವಿಗೆ ಕರೆತಂದಳು. ಹುಡುಗಿ ಕೈ ಅದ್ದಿ, ತಣ್ಣಗಿದೆ ಅಂದಳು. ವಾಪಸ್ಸು. ಕೆಲವು ವರ್ಷ ಕಳೆದು ನಡುವಿನವಳಾದ ಬೋರಿಯನ್ನು ಕರೆತಂದಳು. ಅವಳೂ ತಣ್ಣಗಿದೆ ಅಂದಳು. ವಾಪಸ್ಸು. ಈಗ ಕಿರಿಯವಳಾದ ನಂಜಿಯ ಸರದಿ. ಕೊಡಲು ಕರುವಿಲ್ಲ. ಉರಿಬಿಸಿಲಲ್ಲಿ ಮುದ್ದವ್ವ ಮತ್ತೆ ಅದೇ ದಾರಿ ನಡೆದಳು. ಅವಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ನಂಜಿ ತಂಬಿಗೆಯನ್ನು ಅವ್ವನ ಬಲಗೈಗೆ ಕೊಟ್ಟು ನೀರಿಗೆ ಇಳಿದಳು. ಕೈ ಅದ್ದಿದಳು.

"ತಣ್ಣಗೈತೆ," ಅಂದಳು.

ಗಂಡಿನ ಕಡೆಯವರು ಮುಖ ತಿರುಗಿಸಿದರು. ಜವರಯ್ಯ, "ನಾನೇನು ಮಾಡಾಕಾಯ್ತದೆ? ಅಮ್ಮ ಒಲ್ಲೆ ಅಂದ್ಲು," ಅಂದ.

ಮುದ್ದವ್ವ ನೀರಿನ ಅಂಚಿಗೆ ಇಳಿದಳು. ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಹಾಲಿನ ತಂಬಿಗೆ ಕೆಳಗಿಟ್ಟಳು. ಎಡಗೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆಯ ಕಟ್ಟಿತ್ತು, ಅದನ್ನೂ ಇಟ್ಟಳು. ಮುಖ ತೊಳೆಯೋಣ ಅಂತ ಎರಡೂ ಕೈಯನ್ನು ನೀರಿಗೆ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಬಲಗೈಗೆ ನೀರು ತಣ್ಣಗೆ. ಎಡಗೈಗೆ ಅದೇ ನೀರು ಬೆಚ್ಚಗೆ.

"ರಾಜರು ಬರೋಗಂಟ ನಾನಿಲ್ಲಿಂದ ಏಳಾಕಿಲ್ಲ," ಅಂದಳು. ಬೈದರು, ಏಳಲಿಲ್ಲ. ಬೇಡಿಕೊಂಡರು, ಏಳಲಿಲ್ಲ. ಎಳೆಯಲು ಹೋದರು, ಮೆಟ್ಟಿಲನ್ನೇ ತಬ್ಬಿಕೊಂಡಳು. ಅವಳನ್ನು ದಾಟಿ ನೀರು ತುಂಬಲಾಗದೆ ಊರಿಗೆ ನೀರಿಲ್ಲದಂತಾಯಿತು. ಕೊನೆಗೆ ರಾಜ ಬಂದ.

"ಬುದ್ಧಿ, ಈ ಪದ್ಧತಿ ಯಾವಾಗ್ನಿಂದ ಬಂತು? ಅದನ್ನಷ್ಟು ಕೇಳಿ," ಅಂದಳು ಮುದ್ದವ್ವ.

ಜವರಯ್ಯ, "ಬಾವಿ ತೋಡಿದಾಗ್ನಿಂದ," ಅಂದ.

ರಾಜ ಗಂಡಿನ ತಾಯಿಯನ್ನು ಕೇಳಿದ. "ನಮ್ಮತ್ತೆ ಹೇಳಿದ್ರು, ನಾವು ಮಾಡ್ತೀವಿ," ಅಂದಳು. ಅವಳ ಅತ್ತೆಯನ್ನು ಕೇಳಿದ. "ನಮ್ಮ ಕಾಲ್ದಾಗೆ ಶಾಸ್ತ್ರಕ್ಕೆ ಕೈ ಅದ್ದುಸ್ತಿದ್ರು ಬುದ್ಧಿ. ಯಾರನ್ನೂ ವಾಪಸ್ ಕಳಿಸಿದ್ದು ಕಾಣೆ," ಅಂದಳು. ಕೊನೆಗೆ ಅರಮನೆಯಿಂದ ತನ್ನ ಅಜ್ಜಿಯನ್ನೇ ಪಲ್ಲಕ್ಕಿಯಲ್ಲಿ ಕರೆಸಿದ. ಹಣ್ಣುಹಣ್ಣು ಮುದುಕಿ.

ಅಜ್ಜಿ ಅಂದಳು: "ನಾನು ಮದುವೆಯಾಗಿ ಬಂದಾಗ ಬಿಸಿಲೋ ಬಿಸಿಲು. ಹಾಲು ಕಾಯಿಸಿ ಕುಡಿಯಕ್ಕೆ ಕೊಟ್ರು. ಕೈಕಾಲಿಗೆ ಈ ಬಾವಿ ನೀರು ಹಾಕಿ, ತಣ್ಣಗಿದೆಯೇನವ್ವ ಅಂತ ಕೇಳಿದ್ರು. ಹೂಂ ಅಂದೆ. ಎಲ್ಲರಿಗೂ ಸಂತೋಷ ಆಯ್ತು. ದಣಿದು ಬಂದೋಳನ್ನ ವಿಚಾರಿಸ್ಕೊಳ್ಳೋ ಮಾತು ಕಣಪ್ಪ ಅದು. ಪರೀಕ್ಷೆ ಯಾರು ಮಾಡಿದ್ರೋ ನನಗೆ ಗೊತ್ತಿಲ್ಲ."

ಜನ ಗುಸುಗುಸು ಶುರುಮಾಡಿದರು. ಜವರಯ್ಯ ಬಿಡಲಿಲ್ಲ. "ಮುದುಕರಿಗೆ ಮರೆವು ಬುದ್ಧಿ. ನೀರು ಹೇಳೋದು ಸುಳ್ಳಾ?"

ಮುದ್ದವ್ವ ಅವನ ಕಡೆ ತಿರುಗಿದಳು. "ಪೂಜಾರಪ್ಪ, ಅಮ್ಮ ಒಬ್ಬರ ಬಗ್ಗೆ ಎರಡು ಮಾತಾಡ್ತಾಳಾ?"

"ಎಲ್ಲಾರ ಉಂಟಾ? ಅಮ್ಮಂದು ಒಂದೇ ಮಾತು."

"ಹಂಗಾರೆ ರಾಜರೇ ಕೈ ಇಟ್ಟು ನೋಡ್ಲಿ."

ಹಾಲನ್ನು ಮತ್ತೆ ಬಿಸಿ ಮಾಡಿಸಿದರು. ಮುದ್ದವ್ವ ಹೇಳಿದಂತೆ ರಾಜ ಬಲಗೈಯಲ್ಲಿ ತಂಬಿಗೆ ಹಿಡಿದ. ಎಡಗೈಯನ್ನು ಜವರಯ್ಯನ ತಣ್ಣನೆಯ ತೀರ್ಥದ ಮಡಕೆಯಲ್ಲಿ ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ಎರಡನ್ನೂ ಬಾವಿಯ ನೀರಿನಲ್ಲಿ ಅದ್ದಿದ. ಅವನ ಹುಬ್ಬು ಮೇಲೇರಿತು.

"ಬಲಗೈಗೆ ತಣ್ಣಗಿದೆ. ಎಡಗೈಗೆ ಬೆಚ್ಚಗಿದೆ."

"ಪೂಜಾರಪ್ಪ, ಈಗ ಹೇಳಿ," ಅಂದಳು ಮುದ್ದವ್ವ. "ರಾಜರು ಅಪಶಕುನವಾ? ಊರಾಚೆ ಕಳಿಸ್ತೀರಾ?"

ಜವರಯ್ಯ ಬೆವತುಹೋದ. ಹೌದು ಅಂದರೆ ತಲೆ ಹೋಗುತ್ತದೆ. ಅಲ್ಲ ಅಂದರೆ ಪದ್ಧತಿ ಹೋಗುತ್ತದೆ. ತೊದಲುತ್ತ, "ಅದು... ಬಿಸಿ ಮುಟ್ಟಿದ ಕೈಗೆ ನೀರು ತಣ್ಣಗೆ ಅನ್ನಿಸ್ತದೆ ಬುದ್ಧಿ. ನೀವು ಅಪಶಕುನ ಅಲ್ಲ," ಅಂದ.

"ನನ್ನ ಮಕ್ಕಳ ಕೈಯೂ ಬಿಸಿ ಮುಟ್ಟಿದ ಕೈಯೇ," ಅಂದಳು ಮುದ್ದವ್ವ. ದನಿ ಏರಿಸಲಿಲ್ಲ.

ರಾಜ ಒಮ್ಮೆ ತೀರ್ಥದ ಮಡಕೆ ನೋಡಿದ, ಒಮ್ಮೆ ಜವರಯ್ಯನ ಕೊಟ್ಟಿಗೆಯ ಕಡೆ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಪದ್ಧತಿ ಅಂದೇ ರದ್ದಾಯಿತು. ಕರುಗಳು ಕೊಟ್ಟವರ ಮನೆ ಸೇರಿದವು. ಇನ್ನು ಮುಂದೆ ಊರಿಗೆ ಬರುವ ಪ್ರತಿ ಸೊಸೆಯ ಕಾಲಿಗೂ ಜವರಯ್ಯನೇ ನೀರು ಸೇದಿ ಹಾಕಬೇಕು, ತಣ್ಣಗಿದೆಯೇನವ್ವ ಅಂತ ಕೇಳಬೇಕು ಅಂತ ಅಪ್ಪಣೆಯಾಯಿತು. ಅವನು ಮೊದಲು ನೀರು ಹಾಕಿದ್ದು ನಂಜಿಯ ಕಾಲಿಗೆ.

ರಾಜ ಅಷ್ಟಕ್ಕೇ ಸುಮ್ಮನಾಗಲಿಲ್ಲ. ವಾಪಸ್ಸಾದ ಹೆಣ್ಣುಮಕ್ಕಳನ್ನೆಲ್ಲ ಗೌರವದಿಂದ ಕರೆತನ್ನಿ ಅಂತ ಪಲ್ಲಕ್ಕಿ ಕಳಿಸಿದ. ಬೋರಿ ಬಂದಳು, ಅವಳಿಗೊಂದು ಮನೆಯಾಯಿತು. ಪಲ್ಲಕ್ಕಿ ಬಾಗಿಲಿಗೆ ಬಂದರೂ ಕಾಳಿ ಮಾತ್ರ ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ.

"ನನ್ನ ಒಪ್ಪಿದ್ದೋನ ಮನೇಲಿ ಈಗ ಅವನ ಮಕ್ಕಳು ಆಡ್ತವೆ," ಅಂದಳು. "ನಾನು ಯಾರ ಮನೆಗೆ ಅಂತ ಬರ್ಲಿ? ನಿಮ್ಮ ಮೇಲೆ ಬೇಜಾರಿಲ್ಲ, ಹೋಗಿಬನ್ನಿ."

ಪಲ್ಲಕ್ಕಿ ಖಾಲಿ ವಾಪಸ್ಸಾಯಿತು. ನನಗೆ ಈ ಜಾಗ ಬಂದಾಗಲೆಲ್ಲ ಸಂಕಟವಾಗುತ್ತದೆ.

ನೀತಿ ಏನು ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ. ಎಲ್ಲರಿಗೂ ಗೊತ್ತಿರುವ ಮಾತು ಅಂತ ಯಾರಾದರೂ ಅಂದರೆ, ಮಾಡಿ ನೋಡಿದ್ದೀರಾ ಅಂತ ಕೇಳಿ. ಇದು ಯಾವಾಗ ಶುರುವಾಯಿತು ಅಂತಲೂ ಕೇಳಿ. ಆದರೆ ಬೇಗ ಕೇಳಿ ಮಕ್ಕಳೇ. ಬಿಳಿಗಲ್ಲಿನ ಸುಳ್ಳು ಒಂದು ಮಧ್ಯಾಹ್ನದಲ್ಲಿ ಬಯಲಾಯಿತು. ಅದು ತಿಂದ ಕಾಳಿಯ ವಯಸ್ಸನ್ನು ವಾಪಸ್ಸು ಕೊಡಿಸಲು ರಾಜನಿಂದಲೂ ಆಗಲಿಲ್ಲ.