ಹನ್ನೊಂದನೆಯ ಕಪ್ಪೆಚಿಪ್ಪು

ಆಮೆಯ ಬೆನ್ನೇರಿ ಹನ್ನೊಂದು ಸಲ ಹೊಳೆ ದಾಟಿದವರಿಗೆ ಮುಂದಿನ ಸಲ ಪುಕ್ಕಟೆ ಎಂದು ಆಗ ಕಾಡೆಲ್ಲ ನಂಬಿತ್ತು. ಪ್ರತಿ ಸಲಕ್ಕೂ ಆಮೆಗೆ ಒಂದು ನೇರಳೆಹಣ್ಣು ಕೊಡಬೇಕು. ಗುರುತಿಗೆ ಆಮೆ ಒಂದು ಕಪ್ಪೆಚಿಪ್ಪು ಕೊಡುತ್ತದೆ. ಅಮಾವಾಸ್ಯೆ ಕಳೆದರೆ ಹಳೆಯ ಚಿಪ್ಪು ನಡೆಯುವುದಿಲ್ಲ.

ಅಮಾವಾಸ್ಯೆಯ ದಿನ ಅಳಿಲು ಕಣ್ಣು ಬಿಡದ ಮರಿಗಳನ್ನು ಪೊಟರೆಯಲ್ಲಿ ಬಿಟ್ಟು, ತನ್ನಲ್ಲಿದ್ದ ಕೊನೆಯ ಹಣ್ಣು ಕೊಟ್ಟು, ಹನ್ನೊಂದನೆಯ ಸಲ ಹೊಳೆ ದಾಟಿತು. ಆಚೆ ದಡದಲ್ಲಿ ಇಳಿಯುವಷ್ಟರಲ್ಲಿ ಮಳೆ ಹಿಡಿದು ನೀರು ಏರತೊಡಗಿತು.

“ಆಮೆಯಣ್ಣ, ಬೇಗ ನಡಿ! ತಗೋ ಹನ್ನೊಂದು ಚಿಪ್ಪು. ನನ್ನ ಪೊಟರೆ ನೀರಿಗೆ ಮೊಳದಷ್ಟೇ ಮೇಲಿದೆ.”

“ನಿಮ್ಮಂಥ ಖಾಯಂ ಗಿರಾಕಿಗಳೆಂದರೆ ನಮಗೆ ಬಹಳ ಗೌರವ, ಅಳಿಲಮ್ಮ. ಆದರೆ ಹೊಳೆ ಏರಿದ ದಿನ ಪುಕ್ಕಟೆ ಸವಾರಿ ಇಲ್ಲ. ಹಣ್ಣಿದ್ದರೆ ಹತ್ತಿ.”

“ಹಣ್ಣೆಲ್ಲ ನಿನ್ನ ಹೊಟ್ಟೆಯಲ್ಲೇ ಇದೆಯಲ್ಲೋ!”

“ಹಾಗಾದರೆ ನಾಳೆ ನೀರಿಳಿದ ಮೇಲೆ ಬನ್ನಿ.”

“ನಾಳೆ ಈ ಚಿಪ್ಪು ನಡೆಯುತ್ತದೆಯೇ?”

“ನಾಳೆಗೆ ಅಮಾವಾಸ್ಯೆ ಕಳೆದಿರುತ್ತದಲ್ಲ, ತಾಯಿ.”

ನೀರು ಪೊಟರೆಯ ಬಾಯಿಗೆ ತಾಗುವುದು ಈ ದಡಕ್ಕೂ ಕಾಣುತ್ತಿತ್ತು. ಕೊಂಬೆಯ ಮೇಲಿದ್ದ ಗೊರವಂಕ ಕೇಳಿತು: “ಅಷ್ಟು ಎಳೆಯ ಮರಿಗಳನ್ನು ಬಿಟ್ಟು ಇಲ್ಲಿಗೆ ಯಾವ ಕೆಲಸಕ್ಕೆ ಬಂದೆಯೇ?”

ಹನ್ನೊಂದು ಸಲದಲ್ಲಿ ಒಮ್ಮೆಯೂ ಅಳಿಲಿಗೆ ಈ ದಡದಲ್ಲಿ ಕೆಲಸವಿರಲಿಲ್ಲ.