ಓಡುತ್ತಲೇ ಉಳಿದದ್ದು

ಹೊಳೆದಂಡೆಯ ಆಶ್ರಮದಲ್ಲಿ ಗುರು ಸೋಮಶೇಖರಯ್ಯ ಸಾಫ್ಟ್‌ವೇರ್ ಕಲಿಸುತ್ತಿದ್ದರು. ಶಿಷ್ಯರು ಬರೆದ ಕೋಡನ್ನು ಜೋಡಿಸಿ ಪರೀಕ್ಷಿಸುವ ಬಿಲ್ಡ್ ಕೆಲಸವನ್ನು ಒಂದು ಕಂಪ್ಯೂಟರ್ ಗಂಟೆಗೊಮ್ಮೆ ತಾನಾಗಿಯೇ ಮಾಡುತ್ತಿತ್ತು. ಅದರ ಉಸ್ತುವಾರಿ ಪಂಪಾಪತಿಯದು. ಮೂರು ವರ್ಷ ಕಾದು ಪಡೆದ ಜವಾಬ್ದಾರಿ. ಆಸಾಮಿಗೆ ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಬಿಲ್ಡ್ ಮುಗಿದ ಮೇಲೂ ಅದು ಶುರುಮಾಡಿದ ಒಂದಷ್ಟು ಕೆಲಸಗಳು, ಅಂದರೆ ಪ್ರೋಸೆಸ್‌ಗಳು, ಕಂಪ್ಯೂಟರ್‌ನಲ್ಲಿ ಓಡುತ್ತಲೇ ಉಳಿದು ಮುಂದಿನ ಬಿಲ್ಡ್‌ಗೆ ಅಡ್ಡಗಾಲು ಹಾಕುತ್ತಿದ್ದವು. ರೋಸಿಹೋದ ಪಂಪಾಪತಿ ಕೊನೆಗೊಂದು ಕಮಾಂಡ್ ಸೇರಿಸಿದ: ಬಿಲ್ಡ್ ಮುಗಿದಾಗ ಏನೇ ಓಡುತ್ತಿದ್ದರೂ ನಿಲ್ಲಿಸು.

ಮರುದಿನ ಪಾಠದ ನಡುವೆ ಗುರುಗಳು ಪಂಪಾಪತಿಗೆ ಹೇಳಿದರು: "ನಿನ್ನ ಜೊತೆ ಕಲಿಯೋ ನೀಲಗಂಗಾ ಹಳೇ ಧ್ವನಿಮುದ್ರಣಗಳನ್ನ ಅಕ್ಷರಕ್ಕೆ ಇಳಿಸೋ ಕೆಲಸ ಅದೇ ಕಂಪ್ಯೂಟರ್‌ನಲ್ಲಿ ಹಚ್ಚಿದ್ದಳು. ಹನ್ನೊಂದು ದಿನದಿಂದ ಓಡ್ತಿತ್ತು. ನಿನ್ನೆ ಅರ್ಧಕ್ಕೇ ಸತ್ತಿದೆ. ಮತ್ತೆ ಮೊದಲಿಂದ ಮಾಡಬೇಕು."

"ಅದಕ್ಕೆ ನಾನೇನು ಮಾಡಲಿ? ಬಿಲ್ಡ್ ಈಗ ಸಲೀಸಾಗಿ ನಡೀತಿದೆ."

"ನಿನ್ನ ಬಿಲ್ಡ್ ಹುಟ್ಟಿಸಿದ್ದು ಯಾವುದು, ಬೇರೆಯವರದು ಯಾವುದು ಅಂತ ನೋಡಿದೆಯಾ?"

"ಯಾಕೆ ನೋಡಲಿ? ಎಲ್ಲವೂ ಜಾಗ ಹಿಡಿದು ಬಿದ್ದುಕೊಂಡಿದ್ದವು. ನಾಳೆಯೂ ಹಾಗೇ ಮಾಡ್ತೀನಿ. ತಪ್ಪು ಅಂತ ಮಾತ್ರ ಒಪ್ಪಲ್ಲ."

ನೀಲಗಂಗಾ ತಲೆ ತಗ್ಗಿಸಿ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯ ಪಂಪಾಪತಿಗೂ ಇರಲಿಲ್ಲ.

ಗುರುಗಳು ಪಾಠ ಮುಗಿದ ಗಂಟೆ ಬಾರಿಸಿದರು. ಎಲ್ಲರೂ ಎದ್ದು ಹೋದರು. ಪಂಪಾಪತಿ ಮಾತ್ರ ಅರ್ಧ ಬರೆದ ಪ್ರೋಗ್ರಾಮ್ ಮುಗಿಸಲು ಕೂತೇ ಇದ್ದ.

ಗುರುಗಳು ಅವನ ಚೀಲವನ್ನು ಅಂಗಳಕ್ಕೆ ಎಸೆದರು. ಕೂತಿದ್ದ ಚಾಪೆಯನ್ನು ಎಳೆದು ಸುತ್ತಿದರು.

"ಗಂಟೆ ಆಯ್ತು. ಇನ್ನೂ ಉಳಿದವರಿಗೆ ಆಶ್ರಮದಲ್ಲಿ ಜಾಗ ಇಲ್ಲ. ಹೊರಡು."

"ಎಲ್ಲಿಗೆ?"

"ಊರಿಗೆ. ಮತ್ತೆ ಬರಬೇಡ."

ಪಂಪಾಪತಿ ಪಕ್ಕದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ತಗ್ಗಲಿಲ್ಲ.

"ಹೋಗಲ್ಲ! ಏನು ಮಾಡ್ತಿದ್ದೀಯ ಅಂತ ಒಂದು ಮಾತಾದರೂ ಕೇಳಿದ್ರಾ ಗುರುಗಳೇ? ನನ್ನ ಕೆಲಸ ಇನ್ನೂ ಅರ್ಧಕ್ಕಿದೆ. ಅದು ಮುಗಿಯೋವರೆಗೆ ಯಾರೇ ಬಂದು ಎಳೆದರೂ ನಾನು ಈ ಜಾಗ ಬಿಡಲ್ಲ!"

ಗುರುಗಳು ಅಂಗಳಕ್ಕಿಳಿದು ಚೀಲ ತಂದರು. ಸುತ್ತಿದ ಚಾಪೆಯನ್ನು ಮೊದಲಿದ್ದಲ್ಲೇ ಹಾಸಿದರು.

"ಕೂತ್ಕೋ. ನಿನಗೆ ಬಾಯಿತ್ತು, ಉಳ್ಕೊಂಡೆ. ನೀಲಗಂಗಾಳ ಪ್ರೋಸೆಸ್‌ಗೆ ಇರಲಿಲ್ಲ."