ಚಕ್ರದ ಮುಂದಿನ ನಿಂಬೆಹಣ್ಣು

ಕಾರಿಗೆ ಬೇಜಾರಾಗುತ್ತೆ, ಯಾರಿಗೂ ಹೇಳ್ಬೇಡ ಅಂತ ನಿಂಬೆಹಣ್ಣು ಆಣೆ ಹಾಕಿಸ್ಕೊಂಡಿತ್ತು. ಆದ್ರೂ ಹೇಳ್ತೀನಿ.

ಆಯುಧಪೂಜೆ ದಿನ ಅದನ್ನ ಹೊಸ ಎಲೆಕ್ಟ್ರಿಕ್ ಕಾರಿನ ಚಕ್ರದ ಮುಂದೆ ಇಟ್ಟಿದ್ರು. ಕಾರು ಹೊರಟ್ರೆ ಅಪ್ಪಚ್ಚಿ!

"ಅಣ್ಣಾ, ಸ್ವಲ್ಪ ಪಕ್ಕಕ್ಕೆ ತಿರುಗ್ತೀಯಾ?" ಅಂತು ನಿಂಬೆಹಣ್ಣು.

"ಆಗಲ್ಲ. ನನ್ನ ಮಾಡಿದ ಕಂಪನಿ ಯಜಮಾನ್ರು ದೇವರಂಥೋರು. ಕರೆದ್ರೆ ಸಾಕು, ಓಡಿ ಬರ್ತಾರೆ. ನಾನು ಕೆಟ್ಟು ನಿಲ್ಲೋ ಮಾತೇ ಇಲ್ಲ. ನೀನು ರೆಡಿಯಾಗು," ಅಂತು ಕಾರು.

ಮಂಗಳಾರತಿ ಆಯ್ತು. ಮನೆ ಯಜಮಾನ ಪಂಚಾಕ್ಷರಪ್ಪ ಕಾರಿನ ಬಾಗಿಲು ಎಳೆದ್ರು. ಹೂವಿನ ಹಾರ ಕಿತ್ಕೊಂಡು ಬಂತು, ಬಾಗಿಲು ಬರ್ಲಿಲ್ಲ. ಕೊನೆಗೆ ನಗ್ತಾ ನಗ್ತಾ ಹಳೇ ಸ್ಕೂಟರ್‌ನ ಪಕ್ಕಕ್ಕೆ ವಾಲಿಸಿ, ಒದ್ದು, ಹೆಂಡ್ತೀನ ಕೂರಿಸ್ಕೊಂಡು ಹೊರಟೇಬಿಟ್ರು.

ನಿಂಬೆಹಣ್ಣು ಕುಣಿದಾಡ್ತು. "ಕರಿ ಅಣ್ಣಾ, ನಿಮ್ಮ ಕಂಪನಿ ಯಜಮಾನ್ರನ್ನ ಕರಿ!"

ಕಾರು ಕೀಂಯ್ ಕೀಂಯ್ ಅಂತ ಕರೀತಾನೇ ಇತ್ತು. ಅದರ ಬಾಗಿಲು ಮುಚ್ಚೇ ಇತ್ತು. ಯಾರೂ ಓಗೊಡ್ಲಿಲ್ಲ.